ಎರಡು ಸ್ಟಾರ್ ಕೊಟ್ಟ ಓದುಗರಿಗೆ ಲೇಖಕರು ಏನಂತ ಉತ್ತರಿಸಬೇಕು?

2025ರ ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಕನ್ನಡದಿಂದ ಹೋದ ಪುಸ್ತಕಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅದುವರೆಗೆ ಕನ್ನಡದ ಕಥೆಯೊಂದನ್ನೂ ಓದದಿದ್ದವರು ಪುಸ್ತಕ ಕೊಂಡು ಓದಿ, ತಮಗೆ ಅನ್ನಿಸಿದ್ದನ್ನು ಆನ್‌ಲೈನ್‌ನಲ್ಲಿ ಬರೆದರು. ಮೆಚ್ಚಿದವರೂ ಇದ್ದರು, ಅಷ್ಟೇನೂ ಮೆಚ್ಚದವರೂ ಇದ್ದರು.

ಪ್ರಶಸ್ತಿ ಎಲ್ಲರಿಗೂ ಬರುವುದಿಲ್ಲ. ಆದರೆ ಅಪರಿಚಿತ ಓದುಗರು ಈಗ ಎಲ್ಲ ಬರಹಗಾರರಿಗೂ ಸಿಗುತ್ತಾರೆ. ಅರಕಲಗೂಡಿನ ಮೇಷ್ಟ್ರೊಬ್ಬರು ಕೈಯಿಂದ ದುಡ್ಡು ಹಾಕಿ ಮುನ್ನೂರು ಪ್ರತಿ ಅಚ್ಚು ಹಾಕಿಸಿದ ಸಂಕಲನಕ್ಕೂ, ಕೊಪ್ಪದ ಗೃಹಿಣಿಯೊಬ್ಬರು ಅಡುಗೆ ಮುಗಿಸಿ ಮೊಬೈಲಿನಲ್ಲಿ ಕಂತು ಕಂತಾಗಿ ಬರೆಯುವ ಧಾರಾವಾಹಿಗೂ ಸ್ಟಾರ್ ಬೀಳುತ್ತದೆ, ಕಾಮೆಂಟ್ ಬರುತ್ತದೆ. ಹಿಂದೆ ಓದುಗರ ಮಾತು ಪೋಸ್ಟ್ ಕಾರ್ಡಿನಲ್ಲೋ ಪತ್ರಿಕೆಯ ಓದುಗರ ಅಂಕಣದಲ್ಲೋ ಬರುತ್ತಿತ್ತು. ನಡುವೆ ಸಂಪಾದಕರಿದ್ದರು. ಉತ್ತರ ಬರೆದು ಅಂಚೆಗೆ ಹಾಕುವಷ್ಟರಲ್ಲಿ ಅರ್ಧ ಕೋಪ ಇಳಿದಿರುತ್ತಿತ್ತು. ಈಗ ಆ ನಡುವಿನವರೂ ಇಲ್ಲ, ನಡುವಿನ ದಿನಗಳೂ ಇಲ್ಲ. ಹಾಗಾಗಿ ಓದುಗರು ಸೇರುವ ಈ ಜಾಗಗಳಲ್ಲಿ ಲೇಖಕರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಬುಡದಿಂದಲೇ ನೋಡೋಣ.

ಸ್ಟಾರ್ ಎಂದರೆ ಪರೀಕ್ಷೆಯ ಅಂಕವಲ್ಲ

ಓದುಗರು ಒಂದರಿಂದ ಐದರವರೆಗೆ ಕೊಡುವ ಸ್ಟಾರ್‌ಗೆ ರೇಟಿಂಗ್ ಎನ್ನುತ್ತಾರೆ. ಅದರ ಜೊತೆ ನಾಲ್ಕು ಸಾಲು ಬರೆದರೆ ಅದು ರಿವ್ಯೂ. ರೇಟಿಂಗ್ ಕೊಟ್ಟವರು ಕಾರಣ ಬರೆಯಲೇಬೇಕು ಎಂಬ ನಿಯಮ ಬಹಳ ಕಡೆ ಇಲ್ಲ. ‘ಯಾಕೆ ಎರಡೇ ಸ್ಟಾರ್?’ ಎಂದು ಲೇಖಕರು ಹುಡುಕಿಕೊಂಡು ಹೋದರೆ ಅಲ್ಲಿ ಕಾರಣವೇ ಸಿಗದಿರಬಹುದು.

ಪುಸ್ತಕಗಳಿಗೆಂದೇ ಇರುವ ದೊಡ್ಡ ತಾಣ ಗುಡ್‌ರೀಡ್ಸ್. 2007ರಲ್ಲಿ ಅಮೆರಿಕದಲ್ಲಿ ಶುರುವಾದ ಇದನ್ನು 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಅಲ್ಲಿ ಪ್ರತಿ ಸ್ಟಾರ್‌ಗೂ ಒಂದು ಅರ್ಥವಿದೆ. ಒಂದು ಎಂದರೆ ಇಷ್ಟವಾಗಲಿಲ್ಲ. ಎರಡು ಎಂದರೆ ಪರವಾಗಿಲ್ಲ. ಮೂರಕ್ಕೆ ಇಷ್ಟವಾಯಿತು, ನಾಲ್ಕಕ್ಕೆ ತುಂಬ ಇಷ್ಟವಾಯಿತು, ಐದಕ್ಕೆ ಅದ್ಭುತ. ನಮ್ಮಲ್ಲಿ ಬಹಳ ಜನ ಮೂರು ಸ್ಟಾರ್ ನೋಡಿದ ಕೂಡಲೇ ನೂರಕ್ಕೆ ಅರವತ್ತು ಎಂದು ಲೆಕ್ಕ ಹಾಕಿ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಆ ಓದುಗರು ನಿಜಕ್ಕೂ ಹೇಳಿದ್ದು ‘ಪುಸ್ತಕ ಇಷ್ಟವಾಯಿತು’ ಎಂದು. ಎರಡು ಸ್ಟಾರ್ ಕೊಟ್ಟವರು ಕೂಡ ಬೈದಿಲ್ಲ, ಪರವಾಗಿಲ್ಲ ಎಂದಿದ್ದಾರೆ. ಇದು ಗೊತ್ತಿದ್ದರೆ ಅರ್ಧ ಜಗಳ ಶುರುವಾಗುವುದೇ ಇಲ್ಲ.

ಇನ್ನೆರಡು ಪದಗಳನ್ನೂ ತಿಳಿದಿರುವುದು ಒಳ್ಳೆಯದು. ಕಥೆಯ ಗುಟ್ಟನ್ನು ಮೊದಲೇ ಬಿಚ್ಚಿಡುವುದು ಸ್ಪಾಯ್ಲರ್. ಪುಸ್ತಕ ಓದದೆಯೇ, ಬೇರೆ ಯಾವುದೋ ಸಿಟ್ಟಿಗೆ ಗುಂಪಾಗಿ ಬಂದು ಒಂದೊಂದೇ ಸ್ಟಾರ್ ಹಾಕಿ ಹೋಗುವುದಕ್ಕೆ ರಿವ್ಯೂ ಬಾಂಬಿಂಗ್ ಎನ್ನುತ್ತಾರೆ. 2023ರ ಜೂನ್‌ನಲ್ಲಿ ಅಮೆರಿಕದ ಲೇಖಕಿ ಎಲಿಜಬೆತ್ ಗಿಲ್ಬರ್ಟ್ ರಷ್ಯಾದಲ್ಲಿ ನಡೆಯುವ ಹೊಸ ಕಾದಂಬರಿಯೊಂದನ್ನು ಪ್ರಕಟಿಸುವುದಾಗಿ ಹೇಳಿದಾಗ ಗುಡ್‌ರೀಡ್ಸ್‌ನಲ್ಲಿ ಹೀಗೇ ಆಯಿತು. ಉಕ್ರೇನ್ ಯುದ್ಧ ನಡೆಯುತ್ತಿದ್ದ ಸಮಯ ಅದು. ಯಾರ ಕೈಗೂ ಪುಸ್ತಕ ಸಿಗುವ ಮೊದಲೇ ನೂರಾರು ಒಂದು-ಸ್ಟಾರ್‌ಗಳು ಬಿದ್ದವು. ಅವರು ಪ್ರಕಟಣೆಯನ್ನೇ ಮುಂದೂಡಿದರು. ಮಾರುಕಟ್ಟೆಗೆ ಬರದ ಪುಸ್ತಕಕ್ಕೂ ಸ್ಟಾರ್ ಹಾಕಲು ಅಲ್ಲಿ ಅವಕಾಶವಿದ್ದುದರಿಂದ ಇದು ಸಾಧ್ಯವಾಯಿತು.

ಮಾತು ಯಾರಿಗೆ?

ಇಡೀ ವಿಷಯದ ಕೀಲಿ ಇರುವುದು ಈ ಪ್ರಶ್ನೆಯಲ್ಲಿ. ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಹೋಟೆಲನ್ನು ನೆನೆಸಿಕೊಳ್ಳಿ. ಮೂಲೆಯ ಟೇಬಲ್ಲಿನಲ್ಲಿ ನಾಲ್ವರು ಕೂತಿದ್ದಾರೆ. ‘ಇಲ್ಲಿ ದೋಸೆ ಪರವಾಗಿಲ್ಲ, ಚಟ್ನಿ ಮಾತ್ರ ಬರೀ ನೀರು’ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದಾರೆ. ಗಲ್ಲಾದಲ್ಲಿ ಕೂತ ಯಜಮಾನರಿಗೆ ಅದು ಕೇಳಿಸಿತು. ಅವರು ಎದ್ದು ಬಂದು ಅದೇ ಟೇಬಲ್ಲಿಗೆ ಕುರ್ಚಿ ಎಳೆದು ಕೂತು ‘ತೆಂಗಿನಕಾಯಿ ರೇಟು ಎಷ್ಟಾಗಿದೆ ಗೊತ್ತಾ ನಿಮಗೆ?’ ಎಂದರೆ ಆ ನಾಲ್ವರು ತಲೆ ತಗ್ಗಿಸಿ ತಿಂದು ಎದ್ದು ಹೋಗುತ್ತಾರೆ. ಯಜಮಾನರು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ತೆಂಗಿನಕಾಯಿ ದುಬಾರಿಯೇ. ಆದರೂ ಆ ಗಿರಾಕಿಗಳು ಮತ್ತೆ ಬರುವುದಿಲ್ಲ. ಅದೇ ಟೇಬಲ್ಲಿನಿಂದ ಒಬ್ಬರು ‘ಯಜಮಾನ್ರೇ, ಇಲ್ಲಿ ಬನ್ನಿ’ ಎಂದು ಕೂಗಿದರೆ ಮಾತೇ ಬೇರೆ. ಆಗ ಕೇಳದವರಂತೆ ಗಲ್ಲಾದಲ್ಲೇ ಕೂತಿದ್ದರೆ ಅದು ತಪ್ಪಾಗುತ್ತದೆ.

ರಿವ್ಯೂ ಎನ್ನುವುದು ಮೂಲೆಯ ಟೇಬಲ್ಲಿನ ಮಾತು. ಒಬ್ಬ ಓದುಗ ಇನ್ನೊಬ್ಬ ಓದುಗನಿಗೆ ‘ಇದನ್ನು ಕೊಳ್ಳಬಹುದಾ, ನಿನ್ನ ಸಮಯಕ್ಕೆ ತಕ್ಕದ್ದಾ?’ ಎಂಬುದನ್ನು ಹೇಳುತ್ತಿದ್ದಾನೆ. ಅದರಲ್ಲಿ ಲೇಖಕರ ಹೆಸರು ಬರುತ್ತದೆ, ಆದರೆ ಲೇಖಕರನ್ನು ಉದ್ದೇಶಿಸಿ ಬರೆದದ್ದಲ್ಲ. ಅಲ್ಲಿಗೆ ಲೇಖಕರು ಬಂದು ನಿಂತ ಕೂಡಲೇ ಮಾತಿನ ದಿಕ್ಕು ಬದಲಾಗುತ್ತದೆ. ಟೀಕಿಸಿದವರಿಗೆ ಮುಜುಗರ. ಟೀಕಿಸಬೇಕೆಂದಿದ್ದವರಿಗೆ ಹಿಂಜರಿಕೆ. ಹೊಗಳಲು ಬಂದವರಿಗೂ ‘ಇವರು ನೋಡುತ್ತಿದ್ದಾರೆ, ಇನ್ನೂ ಸ್ವಲ್ಪ ಹೊಗಳೋಣ’ ಎಂಬ ಒತ್ತಾಯ. ಕೊನೆಗೆ ಅಲ್ಲಿ ಉಳಿಯುವುದು ಅಭಿನಂದನೆ ಮತ್ತು ಹೂಗುಚ್ಛದ ಚಿತ್ರಗಳು ಮಾತ್ರ. ಅಂಥ ಗುಂಪಿನಲ್ಲಿ ಬಂದ ಮೆಚ್ಚುಗೆಯನ್ನು ನಂಬಿ ಪುಸ್ತಕ ಕೊಳ್ಳುವವರು ಯಾರು?

ಗುಡ್‌ರೀಡ್ಸ್ ತನ್ನ ಲೇಖಕರಿಗೆ ಕೊಡುವ ಸೂಚನೆಗಳಲ್ಲೇ ಈ ಮಾತಿದೆ: ಚೆನ್ನಾಗಿಲ್ಲ ಎಂದು ಬರೆದವರ ಜೊತೆ ವಾದಕ್ಕೆ ಇಳಿಯಬೇಡಿ. ಸುಮ್ಮನಿರುವುದು ಸೋಲೊಪ್ಪಿಕೊಂಡ ಹಾಗಲ್ಲವೇ ಎಂದು ಹೊಸ ಲೇಖಕರು ಕೇಳುವುದುಂಟು. ಮೂರನೆಯವರ ಕಣ್ಣಿನಿಂದ ನೋಡಿದರೆ ಉತ್ತರ ಸಿಗುತ್ತದೆ. ರಿವ್ಯೂ ಒಂದನ್ನೇ ಓದಿದವರಿಗೆ ಅದು ಒಬ್ಬರ ಅಭಿಪ್ರಾಯ ಅಷ್ಟೇ. ಕೆಳಗೆ ಲೇಖಕರ ಉದ್ದನೆಯ ಸಮರ್ಥನೆ ಇದ್ದರೆ ಅದೇ ಸುದ್ದಿಯಾಗುತ್ತದೆ, ಸ್ಕ್ರೀನ್‌ಶಾಟ್ ಆಗುತ್ತದೆ, ಪುಸ್ತಕದ ಹೆಸರೂ ಕೇಳದವರ ಮೊಬೈಲಿಗೂ ಹೋಗುತ್ತದೆ.

ಒಂದೊಂದು ಜಾಗಕ್ಕೆ ಒಂದೊಂದು ರೂಢಿ

ಹಾಗೆಂದು ಎಲ್ಲ ಕಡೆಯೂ ಬಾಯಿ ಮುಚ್ಚಿಕೊಂಡಿರಬೇಕು ಎಂದಲ್ಲ. ಕನ್ನಡದ ಓದುಗರು ಹೆಚ್ಚಾಗಿ ಸೇರುವುದು ಫೇಸ್‌ಬುಕ್ ಗುಂಪು, ವಾಟ್ಸಾಪ್ ಗುಂಪು, ಇನ್‌ಸ್ಟಾಗ್ರಾಂ ಮತ್ತು ಪ್ರತಿಲಿಪಿಯಂಥ ತಾಣಗಳಲ್ಲಿ. ಅಲ್ಲಿನ ರೂಢಿಗಳು ಗುಡ್‌ರೀಡ್ಸ್‌ನಂತಿಲ್ಲ.

2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ಬರಹಗಾರರು ಕಂತುಗಳನ್ನು ತಾವೇ ಹಾಕುತ್ತಾರೆ, ಓದುಗರು ಪ್ರತಿ ಕಂತಿನ ಕೆಳಗೆ ಬರೆಯುತ್ತಾರೆ. ‘ಮೇಡಂ, ನಾಳೆಯ ಕಂತು ಎಷ್ಟು ಗಂಟೆಗೆ?’, ‘ಆ ಅತ್ತೆಗೆ ಬುದ್ಧಿ ಕಲಿಸಿ ಪ್ಲೀಸ್’. ಇಲ್ಲಿ ಯಜಮಾನರನ್ನು ಕೂಗಿ ಕರೆದಿದ್ದಾರೆ, ಅನುಮಾನವೇ ಬೇಡ. ಉತ್ತರಿಸದೇ ಇದ್ದರೆ ಗರ್ವ ಎನ್ನಿಸುತ್ತದೆ. ಎಲ್ಲರಿಗೂ ಬೇರೆಬೇರೆಯಾಗಿ ಬರೆಯಲು ಆಗದಿದ್ದರೆ ಮುಂದಿನ ಕಂತಿನ ಮೊದಲಲ್ಲಿ ಎರಡು ಸಾಲು ಬರೆದರೂ ಸಾಕು. ಅತ್ತೆಗೆ ಬುದ್ಧಿ ಕಲಿಸುವುದು ಬಿಡುವುದು ಮಾತ್ರ ಬರೆಯುವವರಿಗೆ ಬಿಟ್ಟದ್ದು.

ಫೇಸ್‌ಬುಕ್‌ನಲ್ಲಿ ಗುರುತು ಟ್ಯಾಗ್. ಓದುಗರು ತಮ್ಮ ಬರಹದಲ್ಲಿ ಲೇಖಕರ ಹೆಸರನ್ನು ಟ್ಯಾಗ್ ಮಾಡಿದ್ದರೆ, ನೀವು ನೋಡಬೇಕು ಎಂದೇ ಬರೆದಿದ್ದಾರೆ. ಒಂದು ಸಾಲಿನ ಧನ್ಯವಾದ ಸಲ್ಲುತ್ತದೆ, ಟೀಕೆಯಿದ್ದರೂ. ಟ್ಯಾಗ್ ಮಾಡದೆ ಬರೆದಿದ್ದರೆ, ಅಥವಾ ಯಾರೋ ಮೂರನೆಯವರು ಬಂದು ಕಾಮೆಂಟಿನಲ್ಲಿ ‘ಸಾರ್, ಇಲ್ಲಿ ನೋಡಿ ಏನ್ ಬರೆದಿದ್ದಾರೆ’ ಎಂದು ಟ್ಯಾಗ್ ಮಾಡಿದ್ದರೆ, ಹೋಗದಿರುವುದೇ ಮೇಲು. ಆ ಮೂರನೆಯವರಿಗೆ ಬೇಕಿರುವುದು ನಿಮ್ಮ ಉತ್ತರವಲ್ಲ, ತಮಾಷೆ.

ವಾಟ್ಸಾಪ್ ಗುಂಪಿನಲ್ಲಿ ತೊಡಕು ಹೆಚ್ಚು. ಗುಂಪಿನ ಓದುಗರು ಈ ತಿಂಗಳು ನಿಮ್ಮ ಪುಸ್ತಕ ಆರಿಸಿಕೊಂಡಿದ್ದಾರೆ, ನೀವೂ ಅದೇ ಗುಂಪಿನಲ್ಲಿದ್ದೀರಿ. ಎದುರಿಗೇ ಇದ್ದೀರಿ ಎಂದ ಮೇಲೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಅಡ್ಮಿನ್ ಜೊತೆ ಮೊದಲೇ ಮಾತಾಡಿಕೊಂಡು ‘ನೀವು ಮೊದಲು ಮಾತಾಡಿಕೊಳ್ಳಿ, ನಾನು ಭಾನುವಾರ ಸಂಜೆ ಬಂದು ಪ್ರಶ್ನೆಗಳಿಗೆ ಉತ್ತರಿಸುತ್ತೇನೆ’ ಎಂದು ಗುಂಪಿಗೆ ತಿಳಿಸಿದರೆ ಎಲ್ಲರಿಗೂ ಉಸಿರಾಡಲು ಜಾಗ ಸಿಗುತ್ತದೆ.

ಅಮೆಜಾನ್ ಅಂಗಡಿ ಪುಟದಲ್ಲಿ ಲೇಖಕರಿಗೆ ಕೆಲಸವೇ ಇಲ್ಲ. ಲೇಖಕರಾಗಲಿ ಅವರ ಮನೆಯವರಾಗಲಿ ಆ ಪುಸ್ತಕಕ್ಕೆ ರಿವ್ಯೂ ಬರೆಯುವುದನ್ನು ಅಲ್ಲಿನ ನಿಯಮವೇ ಒಪ್ಪುವುದಿಲ್ಲ.

ಬಾಯಿ ಬಿಡಲೇಬೇಕಾದ ಸಂದರ್ಭಗಳು

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನಿಮ್ಮ ಕಾದಂಬರಿ ಮಲೆನಾಡಿನಲ್ಲಿ ನಡೆಯುತ್ತದೆ. ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ನಾಯಕಿ ಅರೇಬಿಕಾ ಹಣ್ಣು ಕೊಯ್ಯುತ್ತಿದ್ದಾಳೆ. ಮೂಡಿಗೆರೆಯ ಓದುಗರೊಬ್ಬರು ಬರೆದರು: ‘ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ. ಆಗಸ್ಟಿನಲ್ಲಿ ಗಿಡದ ಮೇಲೆ ಇರುವುದು ಹಸಿರು ಕಾಯಿ. ಈ ಲೇಖಕರು ತೋಟದೊಳಗೆ ಕಾಲಿಟ್ಟಿದ್ದಾರಾ?’

ಕೊನೆಯ ವಾಕ್ಯ ಚುಚ್ಚುತ್ತದೆ. ಕೈ ತಾನಾಗಿ ‘ಕಾದಂಬರಿ ಎಂದರೆ ಕಲ್ಪನೆ ಸ್ವಾಮಿ, ಕೃಷಿ ಪಂಚಾಂಗ ಅಲ್ಲ’ ಎಂದು ಟೈಪ್ ಮಾಡಲು ಹೋಗುತ್ತದೆ. ಆಗ ಚಾರ್ಮಾಡಿ ಘಾಟಿಯೊಳಗಿದ್ದು ನೆಟ್‌ವರ್ಕ್ ಹೋದರೆ ಪುಣ್ಯ. ಯಾಕೆಂದರೆ ಆ ಓದುಗರು ಹೇಳಿದ್ದರಲ್ಲಿ ಎರಡು ಭಾಗವಿದೆ. ಮೊದಲನೆಯದು ಸಂಗತಿ, ಎರಡನೆಯದು ಸಿಟ್ಟು. ಸಂಗತಿ ಅವರದೇ ಸರಿ. ಉತ್ತರ ಕೊಡಬೇಕಾದ್ದು ಸಂಗತಿಗೆ ಮಾತ್ರ: ‘ಕೊಯ್ಲಿನ ಕಾಲದ ಬಗ್ಗೆ ನೀವು ಹೇಳಿದ್ದು ಸರಿ. ಮುಂದಿನ ಮುದ್ರಣದಲ್ಲಿ ತಿದ್ದಿಸುತ್ತೇನೆ. ಗಮನಿಸಿ ತಿಳಿಸಿದ್ದಕ್ಕೆ ಧನ್ಯವಾದ.’ ಇಷ್ಟೇ. ‘ತೋಟದೊಳಗೆ ಕಾಲಿಟ್ಟಿದ್ದಾರಾ’ ಎಂಬುದಕ್ಕೆ ತಾತನ ಕಾಲದಿಂದ ಇರುವ ಎಕರೆಗಳ ಲೆಕ್ಕ ಕೊಡುವ ಅಗತ್ಯವಿಲ್ಲ. ಇಂಥ ಉತ್ತರ ಓದಿದ ಬೇರೆಯವರಿಗೆ ಲೇಖಕರ ಮೇಲೆ ನಂಬಿಕೆಯೇ ಬರುತ್ತದೆ.

ಪುಟ ಬಿಟ್ಟುಹೋಗಿದೆ, ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ತಿರುವುಮುರುವಾಗಿ ಬೈಂಡ್ ಆಗಿದೆ, ಪುಸ್ತಕ ತರಿಸಿಕೊಂಡರೆ ಮೂಲೆ ಮುರಿದು ಬಂದಿದೆ ಎಂಬ ದೂರುಗಳಿಗೂ ತಕ್ಷಣ ಉತ್ತರ ಬೇಕು. ಇದು ಅಭಿಪ್ರಾಯವಲ್ಲ, ಕೊಂಡವರ ಹಕ್ಕು. ಪ್ರಕಾಶಕರ ನಂಬರ್ ಕೊಟ್ಟು, ಬದಲಿ ಪ್ರತಿ ಹೋಗುವಂತೆ ನೋಡಿಕೊಳ್ಳಬೇಕು.

ಕೃತಿಚೌರ್ಯದಂಥ ಆರೋಪ ಬಂದಾಗ ಸುಮ್ಮನಿರುವುದು ಕಷ್ಟ, ಸುಮ್ಮನಿರಬಾರದು ಕೂಡ. ಆದರೆ ಆರೋಪ ಮಾಡಿದವರ ಗೋಡೆಯ ಮೇಲೆ ಹೋಗಿ ಹೊಡೆದಾಡುವುದಕ್ಕಿಂತ ತಮ್ಮದೇ ಪುಟದಲ್ಲಿ ಒಂದೇ ಸಲ, ಆಧಾರ ಸಮೇತ, ಯಾರ ಹೆಸರೂ ಎಳೆಯದೆ ಬರೆದು ನಿಲ್ಲಿಸಬೇಕು. ಮುಂದಿನದನ್ನು ಪ್ರಕಾಶಕರ ಮೂಲಕವೋ ವಕೀಲರ ಮೂಲಕವೋ ನೋಡಿಕೊಳ್ಳಬಹುದು.

ಓದುಗರು ಟೀಕೆ ಮಾಡುವಾಗ ಪುಸ್ತಕದ ಸಾಲುಗಳನ್ನು ಎತ್ತಿ ಬರೆದರೆ ‘ನನ್ನ ಅನುಮತಿ ಎಲ್ಲಿ?’ ಎಂದು ನೋಟಿಸಿನ ಮಾತಾಡುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ಮಿತವಾಗಿ ಉದ್ಧರಿಸುವುದಕ್ಕೆ ಅವಕಾಶ ಕೊಟ್ಟಿದೆ. ಇಡೀ ಅಧ್ಯಾಯದ ಫೋಟೋ ತೆಗೆದು ಹಾಕಿದರೆ ಅದು ಬೇರೆ ವಿಷಯ.

ಪುಸ್ತಕ ಬಂದಿದೆ ಎಂದು ಹೇಳಬೇಡವೇ?

ಹೇಳಬೇಕು. ಸಣ್ಣ ಪ್ರಕಾಶಕರ ಬಳಿ ಪ್ರಚಾರಕ್ಕೆ ದುಡ್ಡಿರುವುದಿಲ್ಲ, ಲೇಖಕರೇ ಹೊರಬೇಕು. ಆದರೆ ಬೇರೆಯವರ ಪುಸ್ತಕದ ಬಗ್ಗೆ ಮಾತು ನಡೆಯುತ್ತಿರುವಾಗ ನಡುವೆ ‘ನನ್ನದೂ ಒಂದು ಬಂದಿದೆ’ ಎಂದು ಮುಖಪುಟ ಹಾಕುವುದು, ಐವತ್ತು ಜನರನ್ನು ಟ್ಯಾಗ್ ಮಾಡುವುದು, ಪುಸ್ತಕ ಕೊಂಡವರಿಗೆ ವಾರ ವಾರ ‘ಓದಿದ್ರಾ? ನಾಲ್ಕು ಸಾಲು ಬರೀರಿ’ ಎಂದು ಇನ್‌ಬಾಕ್ಸಿನಲ್ಲಿ ಕೇಳುವುದು ಓದುಗರಿಗೆ ಸಾಲ ವಸೂಲಿಯಂತೆ ಅನ್ನಿಸುತ್ತದೆ. ಗುಂಪಿನ ನಿಯಮ ನೋಡಿ, ಒಮ್ಮೆ ತಿಳಿಸಿ. ಉಳಿದ ದಿನಗಳಲ್ಲಿ ಅಲ್ಲಿ ಓದುಗರಾಗಿ ಇರಿ, ಬೇರೆಯವರ ಪುಸ್ತಕದ ಬಗ್ಗೆ ಬರೆಯಿರಿ. ವರ್ಷವಿಡೀ ಇತರರ ಪುಸ್ತಕಗಳನ್ನು ಓದಿ ಬರೆದವರ ಹೊಸ ಪುಸ್ತಕದ ಸುದ್ದಿಗೆ ಜನ ತಾವಾಗಿಯೇ ತಿರುಗುತ್ತಾರೆ.

ಉಚಿತ ಪ್ರತಿ ಕಳಿಸುವುದಕ್ಕೂ ಒಂದು ಕ್ರಮವಿದೆ. ಇನ್‌ಸ್ಟಾಗ್ರಾಂನಲ್ಲಿ ಹಿಂಬಾಲಕರಿರುವ ಓದುಗರೊಬ್ಬರಿಗೆ ಪುಸ್ತಕ ಕಳಿಸಿದಿರಿ ಎನ್ನಿ. ‘ಒಳ್ಳೆಯದನ್ನೇ ಬರೆಯಿರಿ’ ಎಂಬ ಷರತ್ತು ಹಾಕುವಂತಿಲ್ಲ. ಅವರೂ ‘ಲೇಖಕರು ಕಳಿಸಿದ ಪ್ರತಿ’ ಎಂದು ತಿಳಿಸಬೇಕು. ಇದು ಬರೀ ಸಜ್ಜನಿಕೆಯಲ್ಲ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜನರ ಮೇಲೆ ಪ್ರಭಾವವಿರುವವರು ಏನನ್ನಾದರೂ ಶಿಫಾರಸು ಮಾಡುವಾಗ ಹಣ, ಉಚಿತ ವಸ್ತು, ಉಡುಗೊರೆ ಪಡೆದಿದ್ದರೆ ಅಥವಾ ಕುಟುಂಬದ ನಂಟಿದ್ದರೆ ಕಾಣುವಂತೆ ಹೇಳಬೇಕು. ಅದಕ್ಕೂ ಮೊದಲು, 2022ರ ನವೆಂಬರ್‌ನಲ್ಲಿ, ಆನ್‌ಲೈನ್ ಗ್ರಾಹಕ ರಿವ್ಯೂಗಳಿಗೆಂದೇ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ‘ಐಎಸ್ 19000’ ಎಂಬ ಮಾನದಂಡವನ್ನು ತಂದಿತ್ತು. ಹೋಟೆಲ್, ಮೊಬೈಲ್‌ಗಳಿಗೆ ಬರುತ್ತಿದ್ದ ಸುಳ್ಳು ರಿವ್ಯೂಗಳ ಕಾಟವೇ ಅದಕ್ಕೆ ಹಿನ್ನೆಲೆ.

ಸುಳ್ಳು ಖಾತೆ ತೆರೆದು ತನ್ನ ಪುಸ್ತಕಕ್ಕೆ ತಾನೇ ಐದು ಸ್ಟಾರ್ ಹಾಕಿಕೊಳ್ಳುವುದರ ಪರಿಣಾಮ ಏನೆಂದು 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಕಂಡಿತು. ಮೊದಲ ಪುಸ್ತಕ ಬರಬೇಕಿದ್ದ ಲೇಖಕಿಯೊಬ್ಬರು ಗುಡ್‌ರೀಡ್ಸ್‌ನಲ್ಲಿ ಹಲವು ಹೆಸರುಗಳಲ್ಲಿ ಖಾತೆ ತೆರೆದು ತನಗೆ ಐದು, ತನ್ನಂತೆಯೇ ಹೊಸಬರಾದ ಇತರರಿಗೆ ಒಂದು ಸ್ಟಾರ್ ಹಾಕಿದ್ದು ಓದುಗರ ಕಣ್ಣಿಗೇ ಬಿತ್ತು. ಪ್ರಕಾಶಕರು ಒಪ್ಪಂದ ರದ್ದು ಮಾಡಿದರು, ಆಕೆಯ ಪರವಾಗಿ ಪ್ರಕಾಶಕರ ಜೊತೆ ವ್ಯವಹರಿಸುತ್ತಿದ್ದ ಏಜೆಂಟರೂ ಕೈಬಿಟ್ಟರು.

‘ಪಿಡಿಎಫ್ ಇದ್ರೆ ಕಳಿಸಿ ಸಾರ್’

ಕನ್ನಡದ ಲೇಖಕರಿಗೆ ಅತಿ ಹೆಚ್ಚು ಸಿಟ್ಟು ತರಿಸುವ ವಾಕ್ಯ ಬಹುಶಃ ಇದೇ. ಸಿಟ್ಟು ನ್ಯಾಯವಾದದ್ದೇ. ಲೇಖಕರು ಬದುಕಿರುವವರೆಗೆ ಮತ್ತು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ, ಅನುಮತಿಯಿಲ್ಲದ ಪಿಡಿಎಫ್ ಹಂಚುವುದು ಕಾನೂನು ಬಾಹಿರ. ಆದರೆ ಕೇಳಿದವರು ಯಾರು ಎಂಬುದನ್ನೂ ನೋಡಬೇಕು. ಎಷ್ಟೋ ಸಲ ಅವರು ಪುಸ್ತಕದಂಗಡಿಯೇ ಇಲ್ಲದ ಊರಿನ ವಿದ್ಯಾರ್ಥಿ. ಪಿಡಿಎಫ್ ಕೇಳುವುದು ತಪ್ಪು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಗುಂಪಿನ ಎದುರು ಕಳ್ಳ ಎಂದು ಕರೆದರೆ ಒಬ್ಬ ಓದುಗ ಕಡಿಮೆಯಾಗುತ್ತಾನೆ, ಪಿಡಿಎಫ್ ಕಡಿಮೆಯಾಗುವುದಿಲ್ಲ. ‘ಪಿಡಿಎಫ್ ಇಲ್ಲಪ್ಪ, ಪುಸ್ತಕ ಇಲ್ಲಿ ಸಿಗುತ್ತದೆ, ಬೆಲೆ ಇಷ್ಟು. ನಿಮ್ಮ ಗ್ರಂಥಾಲಯದಲ್ಲೂ ಕೇಳಿ ನೋಡಿ’ ಎನ್ನುವುದು ಕೆಲಸಕ್ಕೆ ಬರುವ ಉತ್ತರ. ಗುಂಪು ಕಟ್ಟಿಕೊಂಡು ಪಿಡಿಎಫ್ ಹಂಚುವವರ ಮಾತು ಬೇರೆ. ಅಲ್ಲಿ ನಯ ಬೇಡ, ಪ್ರಕಾಶಕರ ಮೂಲಕ ದೂರು ಕೊಡಿಸುವುದೇ ಸರಿ.

ಬೈಗುಳಕ್ಕೆ ಸೌಜನ್ಯದ ಸಾಲವಿಲ್ಲ

ಪುಸ್ತಕ ಕೆಟ್ಟದಾಗಿದೆ ಎನ್ನುವುದು ಅಭಿಪ್ರಾಯ. ಬರೆದವರ ಜಾತಿ, ಮೈಬಣ್ಣ, ಸಂಸಾರ ಎತ್ತಿ ಆಡುವುದು ಅಭಿಪ್ರಾಯವಲ್ಲ. ಬರೆಯುವ ಹೆಣ್ಣುಮಕ್ಕಳು ಇದನ್ನು ಗಂಡಸರಿಗಿಂತ ಹೆಚ್ಚು ಅನುಭವಿಸುತ್ತಾರೆ. ಹೀಗೆ ಬೈಯುವವರಿಗೆ ಉತ್ತರಿಸುವ ಹೊಣೆ ಯಾವ ಲೇಖಕರಿಗೂ ಇಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಬ್ಲಾಕ್ ಮಾಡಿ, ತಾಣಕ್ಕೆ ದೂರು ಕೊಡಬೇಕು. 2021ರ ಐಟಿ ನಿಯಮಗಳ ಪ್ರಕಾರ ಇಂಥ ತಾಣಗಳು ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಿ, ನಿಗದಿತ ದಿನಗಳೊಳಗೆ ಇತ್ಯರ್ಥ ಮಾಡಬೇಕು. ಬೆದರಿಕೆ ಇದ್ದರೆ ಪೊಲೀಸರ ಬಳಿಗೇ ಹೋಗಬೇಕು.

ಎದುರಿಗೇ ಸಿಕ್ಕಿಬಿಟ್ಟರೆ?

ಇಂಗ್ಲಿಷಿನ ಲೇಖಕರಿಗೆ ಕೊಡುವ ಸಲಹೆಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಅಲ್ಲಿ ಓದುಗರು ಸಾವಿರಾರು ಮೈಲಿ ದೂರದಲ್ಲಿರಬಹುದು. ಹಾಸನ, ಚಿಕ್ಕಮಗಳೂರಿನಲ್ಲಿ ಎರಡು ಸ್ಟಾರ್ ಕೊಟ್ಟವರು ಬ್ಯಾಂಕಿನ ಕೌಂಟರಿನಲ್ಲಿ ಕೂತಿರುತ್ತಾರೆ, ಮಗಳ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾರೆ, ಜಿಲ್ಲಾ ಸಾಹಿತ್ಯ ಸಮ್ಮೇಳನದಲ್ಲಿ ಊಟದ ಸಾಲಿನಲ್ಲಿ ಮುಂದೆಯೇ ನಿಂತಿರುತ್ತಾರೆ. ಇದೇ ಕಾರಣಕ್ಕೆ ಬಹಳ ಓದುಗರು ದಾಕ್ಷಿಣ್ಯಕ್ಕೆ ಬಿದ್ದು ಏನೂ ಬರೆಯುವುದಿಲ್ಲ, ಬರೆದರೆ ‘ಚೆನ್ನಾಗಿದೆ’ ಎಂದಷ್ಟೇ ಬರೆಯುತ್ತಾರೆ. ಅದನ್ನೂ ಮೀರಿ ಒಬ್ಬರು ಮನಸ್ಸಿನಲ್ಲಿದ್ದದ್ದನ್ನು ಬರೆದಿದ್ದಾರೆ ಎಂದರೆ ಪುಸ್ತಕವನ್ನು ಪೂರ್ತಿ ಓದಿರುವ ಸಾಧ್ಯತೆ ಹೆಚ್ಚು.

ಹಾಗೆ ಸಿಕ್ಕಾಗ ‘ನಿಮ್ಮ ರಿವ್ಯೂ ನೋಡಿದೆ’ ಎಂದು ಲೇಖಕರೇ ಮೊದಲು ತೆಗೆಯದಿರುವುದು ಒಳ್ಳೆಯದು. ನಗುತ್ತ ಹೇಳಿದರೂ ಎದುರಿಗಿದ್ದವರಿಗೆ ಅದು ವಿಚಾರಣೆಯೇ. ‘ಕಾಫಿ ಆಯ್ತಾ, ಮಳೆ ಹೇಗಿದೆ ನಿಮ್ಮ ಕಡೆ’ ಸಾಕು. ಅವರಾಗಿಯೇ ‘ನಿಮ್ಮ ಪುಸ್ತಕದ ಬಗ್ಗೆ ಸ್ವಲ್ಪ ಖಾರವಾಗಿ ಬರೆದುಬಿಟ್ಟೆ ಮೇಷ್ಟ್ರೇ’ ಎಂದು ಎತ್ತಿದರೆ, ಸಮಾಧಾನ ಹೇಳುವುದಕ್ಕಿಂತ ‘ಯಾವ ಪುಟದ ಹತ್ತಿರ ಬೇಸರ ಬಂತು?’ ಎಂದು ಕೇಳಬಹುದು. ಮೂರು ಜನ ಓದುಗರು ಬೇರೆಬೇರೆಯಾಗಿ ಅದೇ ಪುಟ ತೋರಿಸಿದರೆ, ಎರಡನೇ ಮುದ್ರಣಕ್ಕೆ ಕೊಡುವ ಮೊದಲು ಆ ಪುಟವನ್ನು ಮತ್ತೆ ಕೂತು ಬರೆಯುವುದಿದೆ.